ಪಿಚ್ಚರ್ ಬಿಟ್ಟ ಮೇಲೆ

"ಸೊಸೆ ಅಂದ್ರೆ ಅಂಗಿರ್ಬೇಕು ಕಣವ್ವ" ಎಂದು ಜೊತೆಯಲ್ಲಿ ಕೂಲಿಗೆ ಬರುವ ಮಲ್ಲಾಜಮ್ಮ ಸೆರಗಿನಿಂದ ಇನ್ನೊಮ್ಮೆ ಕಣ್ಣೊರೆಸಿಕೊಂಡಳು. ಗುಂಡ್ಲುಪೇಟೆಯಲ್ಲಿ ಮಧ್ಯಾಹ್ನದ ಆಟ ಬಿಟ್ಟು, ಆಟೋ ಭೀಮನಬೀಡಿನ ರಸ್ತೆ ಹಿಡಿದಿದ್ದರೂ ಅವಳ ಅಳು ನಿಂತಿರಲಿಲ್ಲ. "ಗಂಡ ಸತ್ರೂ ಅತ್ತೆ ಕೈ ಬುಡ್ನಿಲ್ಲ ನೋಡು. ಆ ಮೇಷ್ಟ್ರು ಅಷ್ಟು ಒಳ್ಳೆವ್ನು, ಮದ್ವೆ ಆಯ್ತೀನಿ ಅಂತ ಬಂದ್ರೆ, ಅತ್ತೇನ ಬುಟ್ಟು ಎಲ್ಲೂ ಬರಾಕಿಲ್ಲ ಅಂದ್ಬುಟ್ಲು. ಥೇಟರ್‌ಗೆ ಥೇಟರೇ ಅತ್ಬುಡ್ತು. ಅಲ್ವಾ ಕುಮಾರಿ?"

"ಊಂ, ಚೆನ್ನಾಗಿತ್ತು" ಎಂದಳು ಕುಮಾರಿ.

ಬೇರೆ ಏನು ತಾನೇ ಹೇಳಬಹುದಿತ್ತು? ಅತ್ತೆ ಸುಂದ್ರಮ್ಮ ಪಕ್ಕದಲ್ಲೇ ಕೂತಿದ್ದಳು. ಕುಮಾರಿಯ ಗಂಡ ಸ್ವಾಮಿ ಜಾಂಡೀಸಿನಲ್ಲಿ ತೀರಿಕೊಂಡು ಮೂರು ವರ್ಷವಾಗಿತ್ತು. ಅಂದಿನಿಂದ ಮನೆಯಲ್ಲಿ ಇವರಿಬ್ಬರೇ. ಕೂಲಿಗೆ ಒಟ್ಟಿಗೆ ಹೋಗುತ್ತಾರೆ, ಒಟ್ಟಿಗೆ ಬರುತ್ತಾರೆ, ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರೂ ಹೋಗುವುದಿಲ್ಲ. ಚೆಂಡುಹೂವಿನ ಕೊಯ್ಲು ಮುಗಿದ ಖುಷಿಗೆ ಒಂದು ಪಿಚ್ಚರ್ ನೋಡೋಣ ಎಂದವಳೂ ಸುಂದ್ರಮ್ಮನೇ. ಎಂಥ ಪಿಚ್ಚರ್ ಎಂದು ಯಾರಿಗೂ ಗೊತ್ತಿರಲಿಲ್ಲ. ಪೋಸ್ಟರಿನಲ್ಲಿ ಒಬ್ಬ ಹೆಂಗಸು ನಗುತ್ತಿದ್ದಳು, ಅಷ್ಟೇ.

ದಿನವೂ ಅವರನ್ನು ಕೂಲಿಗೆ ಕರೆದೊಯ್ಯುತ್ತಿದ್ದ ಚಿಕ್ಕಣ್ಣನೇ ಇವತ್ತೂ ಆಟೋ ಓಡಿಸುತ್ತಿದ್ದ. ಮೂವತ್ತೈದು ದಾಟಿದರೂ ಹೆಣ್ಣು ಸಿಕ್ಕಿರಲಿಲ್ಲ. ಮದುವೆಯಾಗಲಿ ಎಂದು ಮಾದಪ್ಪನ ಬೆಟ್ಟಕ್ಕೆ ನಡೆದುಹೋದ ಗಂಡುಗಳ ಗುಂಪಿನಲ್ಲಿ ಅವನೂ ಇದ್ದ. ಹೋದ ವಾರ ಹೊಲದ ಬದುವಿನಲ್ಲಿ, ಸುತ್ತ ಯಾರೂ ಇಲ್ಲದಾಗ, "ನನ್ನ ಕಟ್ಕತೀಯಾ ಕುಮಾರಿ?" ಎಂದು ಕೇಳಿದ್ದ. ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಹೂವಿನ ಕುಕ್ಕೆ ಎತ್ತಿಕೊಂಡು ಗಿಡದ ಸಾಲಿಗೆ ಹೋಗಿಬಿಟ್ಟಿದ್ದಳು. ಇವತ್ತು ಪಿಚ್ಚರಿನಲ್ಲಿ ಸೊಸೆ ಅತ್ತೆಯ ಕಾಲು ಹಿಡಿದುಕೊಂಡಾಗ ಜನ ಚಪ್ಪಾಳೆ ಹೊಡೆದರು. ಅಷ್ಟೂ ಜನ ತನ್ನ ಹೆಗಲು ಹಿಡಿದು ಕೂತಲ್ಲೇ ಒತ್ತಿ ಕೂರಿಸಿದಂತೆ ಕುಮಾರಿಗೆ ಅನ್ನಿಸಿತ್ತು.

"ನಂಗೇನೋ ಆ ಮುದ್ಕಿ ಸರಿ ಕಾಣ್ನಿಲ್ಲ" ಎಂದಳು ಸುಂದ್ರಮ್ಮ ಇದ್ದಕ್ಕಿದ್ದಂತೆ.

"ಯಾವ ಮುದ್ಕಿ?"

"ಅತ್ತೆ ಪಾರ್ಟು ಮಾಡಿದ್ಲಲ್ಲ, ಅವ್ಳು. ಸೊಸೆ ಕಾಲಿಡ್ಕಂಡ್ರೆ ಸುಮ್ನೆ ತಲೆ ಸವರ್ತಾ ಕೂತ್ಕಂಡ್ಲು. ಓಗಮ್ಮಿ, ನಿನ್ ಬದುಕು ನೋಡ್ಕೋ ಅಂತ ಬಾಯ್ ಬುಟ್ಟು ಒಂದ್ ಮಾತ್ ಏಳ್ನಿಲ್ಲ. ಅವ್ಳಿಗೆ ಬೇಕಾಗಿದ್ದದ್ದು ಇಟ್ಟು ಬೇಯ್ಸಾಕೆ ಒಂದಾಳು, ಅಷ್ಟೇಯ."

ಮಲ್ಲಾಜಮ್ಮನಿಗೆ ಸಿಟ್ಟೇ ಬಂತು. "ಪಿಚ್ಚರ್ ಅಂತ ಬಾಯಿಗ್ ಬಂದಂಗೆ ಆಡ್ಬೌದು ಬುಡು. ನಿನ್ ಸೊಸೆ ಓಯ್ತೀನಿ ಅಂದ್ರೆ ನೀನ್ ಕಳುಸ್ಬುಟ್ಟೀಯಾ?"

ಸುಂದ್ರಮ್ಮ ಮುಖ ತಿರುಗಿಸಿ ಈರುಳ್ಳಿ ಹೊಲಗಳನ್ನು ನೋಡತೊಡಗಿದಳು. ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟದ ನೆತ್ತಿಗೆ ಮೋಡ ಕವಿದಿತ್ತು. ಊರು ಬಂತು. ಮಲ್ಲಾಜಮ್ಮ ತನ್ನ ಬೀದಿಯ ತಿರುವಿನಲ್ಲಿ ಇಳಿದು, "ತಮಾಸೆಗಂದೆ ಕಣೆ, ಮನಸ್ಗಾಕ್ಕಬ್ಯಾಡ" ಎಂದು ಹೇಳಿ ಹೋದಳು.

ಆಟೋ ಮತ್ತೆ ಹೊರಟಿತು. ಚಿಕ್ಕಣ್ಣ ರಸ್ತೆಯ ಮೇಲಿನ ಕಣ್ಣು ಕದಲಿಸದೆ ಹೇಳಿದ: "ನಾನೂ ಗಂಡಸ್ರ ಸೀಟಲ್ಲಿ ಕೂತು ನೋಡ್ದೆ ಕಣವ್ವ. ನಂಗೆ ಆ ಮುದ್ಕಿ ಮೇಲೆ ಸಿಟ್ಟು ಬರ್ನಿಲ್ಲ. ತೆಪ್ಪು ಮೇಷ್ಟ್ರುದು. ಅವ್ನು ಬರೀ ಆ ಹೆಣ್ಣ ಕೇಳ್ದ. ಮನೇಲಿ ಇನ್ನೊಂದು ಜೀವ ಅದೆ, ಅದೆಲ್ಲೋಯ್ತದೆ ಅಂತ ಯೋಚ್ನೆನೇ ಮಾಡ್ನಿಲ್ಲ. ಇಬ್ರೂ ಬನ್ನಿ ಅಂದಿದ್ರೆ ಪಿಚ್ಚರೇ ಬ್ಯಾರೆ ಆಗೋದು."

ಆಟೋ ಮನೆ ಮುಂದೆ ಬಂದು ನಿಂತಿತು. ಸುಂದ್ರಮ್ಮ ಇಳಿಯಲಿಲ್ಲ. ಚಿಕ್ಕಣ್ಣನ ಬೆನ್ನನ್ನೇ ನೋಡುತ್ತ ಕೂತವಳು, "ನೀನು ಕೇಳಿದ್ದೂ ಅಂಗೇಯಾ?" ಎಂದಳು.

ಚಿಕ್ಕಣ್ಣ ಹಿಂದಕ್ಕೆ ತಿರುಗಿದ. "ಊಂ ಕಣವ್ವ. ಓದ್ ವಾರ. ನಾನೂ ಅದೇ ತೆಪ್ಪು ಮಾಡ್ಬುಟ್ಟೆ."

ಅತ್ತೆ ತನ್ನತ್ತ ತಿರುಗಿದಾಗ ಕುಮಾರಿ ಬೈಗುಳ ಕಾದಳು. ಆದರೆ ಸುಂದ್ರಮ್ಮನ ಮುಖದಲ್ಲಿ ಸಿಟ್ಟಿರಲಿಲ್ಲ. ಸ್ವಾಮಿಯನ್ನು ಆಸ್ಪತ್ರೆಯ ಒಳಗೆ ಕರೆದುಕೊಂಡು ಹೋದಾಗ ಹೊರಗಿನ ಬೆಂಚಿನಲ್ಲಿ ಕೂತಿದ್ದ ಮುಖ ಅದು.

"ನೀನೇನಂದಮ್ಮಿ?"

"ಏನೂ ಅನ್ನಿಲ್ಲ ಕಣತ್ತೆ."

"ಆಗ್ಲೇ ಪಿಚ್ಚರ್ ಚೆನ್ನಾಗಿತ್ತು ಅಂದ್ಯಲ್ಲ. ನಿಜ್ವಾ?"

ಕುಮಾರಿ ಮಡಿಲಲ್ಲಿದ್ದ ತನ್ನ ಕೈಗಳನ್ನು ನೋಡಿಕೊಂಡಳು. ಚೆಂಡುಹೂವಿನ ಕಲೆ ಇನ್ನೂ ಉಗುರಿನಿಂದ ಹೋಗಿರಲಿಲ್ಲ. ಸುಳ್ಳು ಹೇಳುವುದು ಸುಲಭವಿತ್ತು; ಹಾಗೇ ಇಳಿದು ಹೋಗಿ ಒಲೆ ಹಚ್ಚಬಹುದಿತ್ತು.

"ಕೊನೆ ಚೆನ್ನಾಗಿರ್ನಿಲ್ಲ" ಎಂದಳು.

ಆಟೋ ಗಡಗಡ ನಡುಗುತ್ತಲೇ ಇತ್ತು. ಅದರ ಜೊತೆ ಮೂವರೂ ನಡುಗುತ್ತ ಕೂತಿದ್ದರು. ಕೊನೆಗೆ ಸುಂದ್ರಮ್ಮ ಕಂಬಿ ಹಿಡಿದು ನಿಧಾನವಾಗಿ ಇಳಿದಳು. ಸೊಂಟದಿಂದ ಬೀಗದ ಕೈ ತೆಗೆದು ಬಾಗಿಲು ತೆರೆದು, ಕದವನ್ನು ಗೋಡೆಗೆ ತಾಗುವಷ್ಟು ತಳ್ಳಿದಳು. ಆಮೇಲೆ ಚಿಕ್ಕಣ್ಣನ ಕಡೆ ನೋಡಿದಳು.

"ಇಂಜಿನ್ ಆರ್ಸ್ಲಾ. ಡೀಸೆಲ್ ಯಾಕೆ ಸುಮ್ನೆ ಸುಡ್ತೀಯ?"