ಹನ್ನೊಂದನೆಯ ತೊಟ್ಟಿಲಿನ ಪಾಸ್‌ವರ್ಡ್

ಹತ್ತೂಕಾಲರ ಹೊತ್ತಿಗೆ ಎಲ್ಲ ತೊಟ್ಟಿಲುಗಳೂ ಪರದೆಯ ಮೇಲೆ ಕಾಣಿಸತೊಡಗಿದವು, ಹನ್ನೊಂದನೆಯದೊಂದನ್ನು ಬಿಟ್ಟು.

ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ, ಎಲ್ಲರೂ ‘ಸರ್ವರ್ ಅಕ್ಕ’ ಎಂದೇ ಕರೆಯುವ ಹೆಂಗಸು ಬೆಳಗಿನಿಂದ ಫೋನು ಕೆಳಗಿಟ್ಟಿರಲಿಲ್ಲ. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಉಳಿಸಿಕೊಳ್ಳುವ ಆ ಆಸ್ಪತ್ರೆಯಲ್ಲಿ ಒಂದೊಂದು ಗಾಜಿನ ತೊಟ್ಟಿಲಿಗೂ ಒಂದು ಕ್ಯಾಮೆರಾ. ಮನೆಗೆ ಹೋದ ತಾಯಂದಿರು ಅಲ್ಲಿಂದಲೇ ಲಾಗಿನ್ ಆಗಿ ಮಗುವನ್ನು ನೋಡಬಹುದು. ಇವತ್ತು ನೋಡಹೋದವರಿಗೆಲ್ಲ ಕೆಂಪಕ್ಷರದಲ್ಲಿ ‘ಈ ಸಂಪರ್ಕ ಸುರಕ್ಷಿತವಲ್ಲ’ ಎಂದು ಬಂದಿತ್ತು. “ಸುರಕ್ಷಿತ ಅಲ್ಲ ಅಂದ್ರೆ ನನ್ನ ಮಗೂಗೆ ಏನಾಯ್ತು?” ಎಂದು ಒಬ್ಬಳು ಅತ್ತೇಬಿಟ್ಟಿದ್ದಳು. ಹುಡುಕಿದರೆ ಸಿಕ್ಕಿದ್ದು ಅಕ್ಕನದೇ ಮರೆವು. ಸರ್ವರಿನ ಗುರುತಿನ ಚೀಟಿಯಂಥ ಸರ್ಟಿಫಿಕೇಟನ್ನು ನಿನ್ನೆಯೇ ಹೊಸದು ಮಾಡಿದ್ದಳು. ಸರ್ವರನ್ನು ಮತ್ತೆ ಶುರು ಮಾಡುವುದನ್ನು ಮರೆತಿದ್ದಳು. ಅದು ಅವಧಿ ಮುಗಿದ ಹಳೆಯದನ್ನೇ ಹಿಡಿದು ಕೂತಿತ್ತು. “ಪಾತ್ರೆ ಇಟ್ಟು ಒಲೆ ಹಚ್ಚೋದು ಮರೆತ ಹಾಗಾಯ್ತು,” ಎಂದು ತನ್ನನ್ನೇ ಬೈದುಕೊಂಡು ಗುಂಡಿ ಒತ್ತಿದಳು. ತೊಟ್ಟಿಲುಗಳು ಒಂದೊಂದಾಗಿ ಕಂಡವು.

ಮತ್ತೆ ಫೋನು. ಹನ್ನೊಂದನೆಯ ತೊಟ್ಟಿಲಿನ ತಾಯಿ. ಹತ್ತೊಂಬತ್ತು ದಿನಗಳಲ್ಲಿ ಆ ದನಿ ತಂಗಿಯ ದನಿಯಷ್ಟೇ ಬಳಕೆಯಾಗಿಬಿಟ್ಟಿತ್ತು.

“ಅಕ್ಕಾ, ನನಗೊಬ್ಬಳಿಗೇ ಕಾಣಿಸ್ತಿಲ್ಲ. ‘ಹೆಸರು ಅಥವಾ ಪಾಸ್‌ವರ್ಡ್ ತಪ್ಪು’ ಅಂತಿದೆ.”

“ಆತುರದಲ್ಲಿ ಎಲ್ಲೋ ಒಂದಕ್ಷರ ತಪ್ಪಿರುತ್ತೆ, ನಿಧಾನಕ್ಕೆ ಒತ್ತಮ್ಮ.”

“ಆರು ಸಲ ಒತ್ತಿದೆ. ನೀವೇ ಬರ್ಕೊಂಡು ನೋಡಿ, ಹೇಳ್ತೀನಿ.”

“ಅಯ್ಯೋ, ಪಾಸ್‌ವರ್ಡ್ ಯಾರಿಗೂ ಹೇಳ್ಬಾರದು ಕಣಮ್ಮ. ನನಗೂ.”

“ನಿಮಗೆ ಹೇಳಿದ್ರೇನಂತೆ? ಅದು ಪಾಪೂಗೆ ನಾನು ಆರಿಸಿಟ್ಟಿರೋ ಹೆಸರು. ಅವಳಪ್ಪಂಗೂ ಹೇಳಿಲ್ಲ. ಅವಳು ಮನೆಗೆ ಬಂದ ದಿನ ಹೇಳೋಣ ಅಂತ ಗುಟ್ಟಾಗಿಟ್ಟಿದ್ದೀನಿ.” ಯಾರೋ ಕದ್ದು ಕೇಳುತ್ತಿದ್ದಾರೇನೋ ಎಂಬಂತೆ ದನಿ ತಗ್ಗಿಸಿ ಒಂದೊಂದೇ ಅಕ್ಷರ ಹೇಳಿದಳು. ಅಕ್ಕ ಚೀಟಿಯಲ್ಲಿ ಬರೆದುಕೊಂಡಳು. “ಹೇಗಿದೆ?”

“ತುಂಬಾ ಮುದ್ದಾಗಿದೆ. ಇರು, ಏನಾಗಿದೆ ನೋಡ್ತೀನಿ.”

ಸರ್ವರಿನಲ್ಲಿ ನಡೆದದ್ದೆಲ್ಲ ದಾಖಲಾಗುವ ಲಾಗನ್ನು ಅಕ್ಕ ತೆರೆದಳು. ಹೊರಗಿನವರಿಗೆ ಹೆಚ್ಚು ತಿಳಿಯಬಾರದೆಂದು ಲಾಗಿನ್ ಪುಟವು ಏನೇ ಆದರೂ ‘ಹೆಸರು ಅಥವಾ ಪಾಸ್‌ವರ್ಡ್ ತಪ್ಪು’ ಎಂದೇ ಹೇಳುತ್ತದೆ. ನಿಜವಾದ ಕಾರಣ ಬರುವುದು ಲಾಗಿನಲ್ಲಿ. ಅಲ್ಲಿ ಹೀಗಿತ್ತು: ‘ಈ ಖಾತೆ ಇಲ್ಲ. ೯.೪೦ಕ್ಕೆ ಮುಚ್ಚಲಾಗಿದೆ.’ ಅವಳ ಬೆರಳು ಅಲ್ಲೇ ನಿಂತಿತು. ಖಾತೆಗಳನ್ನು ಯಾರೂ ಕೈಯಾರೆ ಮುಚ್ಚುವುದಿಲ್ಲ. ವಾರ್ಡಿನವರು ತೊಟ್ಟಿಲು ಖಾಲಿ ಎಂದು ಗುರುತು ಹಾಕಿದ ಕ್ಷಣವೇ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಒಂದು ಗಳಿಗೆಯೂ ತಡವಾಗಬಾರದೆಂದು ಹಾಗೆ ಮಾಡಿಟ್ಟವಳು ಅವಳೇ. ಎಷ್ಟು ಅಚ್ಚುಕಟ್ಟು ಎಂದು ಎಲ್ಲರಿಂದ ಹೊಗಳಿಸಿಕೊಂಡಿದ್ದಳು ಕೂಡ. ತೊಟ್ಟಿಲು ಖಾಲಿಯಾಗುವುದು ಮಗು ಮನೆಗೆ ಹೋದರೆ. ಒಂದು ಕಿಲೋ ಕೂಡ ತೂಗದ ಮಗು ಮನೆಗೆ ಹೋಗುವುದಿಲ್ಲ.

ಬೇರೆ ತೊಟ್ಟಿಲಿಗೆ ಹಾಕಿರಬಹುದು. ದೇವರೇ, ಹಾಗಿರಲಿ. ಮೊಬೈಲನ್ನು ಮ್ಯೂಟ್ ಮಾಡಿ, ಮೇಜಿನ ಫೋನಿನಿಂದ ವಾರ್ಡಿಗೆ ಮಾಡಿದಳು. ಹಿರಿಯ ನರ್ಸು ಎತ್ತಿಕೊಂಡಳು.

“ಆ ತಾಯಿ ನಿಮ್ಮ ಲೈನಲ್ಲಿ ಇದ್ದಾಳಾ? ಏನೂ ಹೇಳ್ಬೇಡಿ. ಅವಳ ಗಂಡ ಇಲ್ಲೇ ಇದ್ದರು, ಆಗಲೇ ಮನೆಗೆ ಹೊರಟರು. ಫೋನಲ್ಲಿ ಬೇಡ, ನಾನೇ ಹತ್ತಿರ ಕೂತು ಹೇಳ್ತೀನಿ ಅಂದರು. ಇನ್ನೇನು ಮುಟ್ಟಿರ್ತಾರೆ.”

ಮೊಬೈಲು ಕೈಗೆತ್ತಿಕೊಂಡರೆ ಆ ಕಡೆಯಿಂದ ಕೀಲಿಗಳ ಟಕಟಕ ಕೇಳಿಸುತ್ತಿತ್ತು. ಏಳನೆಯ ಸಲ.

“ಅಕ್ಕಾ, ಸಿಕ್ತಾ? ನನ್ನ ಪಾಸ್‌ವರ್ಡೇ ತಪ್ಪಾ?”

“ಇಲ್ಲ ಕಣಮ್ಮ.” ಚೀಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. “ನಿನ್ನದೇನೂ ತಪ್ಪಿಲ್ಲ. ಒಂದಕ್ಷರವೂ ತಪ್ಪಿಲ್ಲ.”

“ಹಾಗಾದ್ರೆ ಸರಿ. ನಿನ್ನೆ ಸಂಜೆ ಗೋಡೆ ಕಡೆ ತಿರುಗಿ ಮಲಗಿದ್ದಳು, ಮುಖಾನೇ ಕಾಣಿಸಲಿಲ್ಲ. ಇವತ್ತಾದ್ರೂ ಈ ಕಡೆ ತಿರುಗಿದ್ದಾಳೇನೋ ಅಂತ.” ಅಷ್ಟರಲ್ಲಿ ಅತ್ತ ಕರೆಗಂಟೆ ಸದ್ದಾಯಿತು. “ಯಾರಪ್ಪಾ ಈ ಹೊತ್ತಲ್ಲಿ? ಲೈನಲ್ಲೇ ಇರಿ ಅಕ್ಕಾ, ಈಗ ಬಂದೆ. ಇಡಬೇಡಿ ಮತ್ತೆ!”

“ಇಡಲ್ಲ. ಹೋಗಿ ಬಾಗಿಲು ತೆಗಿ. ನಿಧಾನ, ಹೆರಿಗೆ ಹೊಲಿಗೆ ಇನ್ನೂ ಮಾಗಿಲ್ಲ.”

ಎಳೆದಿಟ್ಟ ಹೆಜ್ಜೆಗಳು. ಅಗುಳಿ ಸರಿದ ಸದ್ದು. ಗಂಡಸಿನ ತಗ್ಗಿದ ದನಿ, ಏನೆಂದಿತೋ ತಿಳಿಯಲಿಲ್ಲ. ಅದಕ್ಕೆ ಉತ್ತರವಾಗಿ ಅವಳು ಆಡಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು: “ಇಲ್ಲ ರೀ, ಅದು ಸರ್ವರ್ ತೊಂದರೆ. ಅಕ್ಕ ಲೈನಲ್ಲೇ ಇದ್ದಾರೆ, ಸರಿಮಾಡ್ತಿದ್ದಾರೆ. ಈಗ ಕಾಣಿಸ್ತಾಳೆ, ಬನ್ನಿ.”

ಅಕ್ಕ ಫೋನು ಇಡಲಿಲ್ಲ. ಬಹಳ ಹೊತ್ತಾದ ಮೇಲೆ ಆ ಕಡೆಯೇ ಯಾರೋ ಇಟ್ಟರು.

ಎದುರಿನ ಗೋಡೆಯಲ್ಲಿ ಅವಳೇ ಬರೆದು ಅಂಟಿಸಿದ ಸೂಚನೆ ಇತ್ತು: ‘ಪಾಸ್‌ವರ್ಡ್ ಬರೆದ ಚೀಟಿಯನ್ನು ಕೂಡಲೇ ಹರಿದುಹಾಕಿ.’ ಅವಳು ಮೇಜಿನ ಮೇಲಿದ್ದ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆ ಹೆಸರು ಬರೆದ ಕಾಗದ ಇಡೀ ಲೋಕದಲ್ಲಿ ಅದೊಂದೇ. ಹರಿಯಲಿಲ್ಲ. ಹಾಗೇ ಎರಡೂ ಅಂಗೈ ಮಡಿಚಿ, ತಣ್ಣಗಾಗದಿರಲಿ ಎಂಬಂತೆ, ಮುಚ್ಚಿಕೊಂಡು ಕೂತಳು.