ಇಕ್ಕಟ್ಟಿನ ಕುಂಡ

ಅರಿಶಿನ ಕುಂಕುಮಕ್ಕೆ ಕರೆದವಳು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನುವಂತಿಲ್ಲ. ಹಾಗಾಗಿ ವಿಮಲಾಕ್ಷಿ ಊಟಿಯಿಂದ ತಂದ ತನ್ನ ಅಗಪ್ಯಾಂಥಸ್ ಎಂಬ ನೀಲಿ ಹೂವಿನ ಗಿಡದ ಮರಿಯೊಂದನ್ನು ಕಿತ್ತು ಪಕ್ಕದ ಮನೆಯ ಕೋಮಲಾಳಿಗೆ ಕೊಟ್ಟಳು. ಮನೆಮುಂದಿನ ತುಳಸಿಯನ್ನೇ ಒಣಗಿಸಿದ ಕೈ ಅದು. ಆ ಕೈಗೆ ಇಂಥ ಗಿಡ ಬೇರೆ ಕೇಡು.

"ಹೇಗೆ ನೋಡ್ಕೊಬೇಕು ಅಕ್ಕ, ಇದನ್ನ?"

ಒಂದು ಹೂ ಬಿಟ್ಟರೆ ಸಾಕು, ಇವಳು ಬೀದಿಯವರನ್ನೆಲ್ಲ ಕರೆದು ಮೆರೆಯುತ್ತಾಳೆ. ಗಿಡ ಸಾಯಲು ಏನೇನು ಬೇಕೆಂದು ತನಗೆ ತೋಚಿತೋ ಅದನ್ನೆಲ್ಲ ವಿಮಲಾಕ್ಷಿ ಗಂಭೀರವಾಗಿ ಹೇಳಿದಳು.

"ಚಿಕ್ಕ ಕುಂಡದಲ್ಲಿ ನೆಡು. ಬೇರು ಇಕ್ಕಟ್ಟಾದ್ರೂ ಬದಲಾಯಿಸ್ಬೇಡ. ಬಿಸಿಲಲ್ಲೇ ಇರ್ಲಿ. ಮಣ್ಣು ಒಣಗೋ ತನಕ ನೀರು ಹಾಕ್ಬೇಡ."

"ಪಾಪ, ಅಷ್ಟು ಕಷ್ಟ ಕೊಡ್ಬೇಕಾ?"

"ಗಿಡದ ವಿಷ್ಯ ನಿಂಗೊತ್ತೋ, ನಂಗೊತ್ತೋ?"

ತನ್ನ ಗಿಡವನ್ನು ಮಾತ್ರ ಅವಳು ನೆರಳಿನಲ್ಲಿಟ್ಟು, ಗೊಬ್ಬರ ಸುರಿದು, ದಿನವೂ ನೀರುಣಿಸಿದಳು. ವರ್ಷವರ್ಷವೂ ಇನ್ನಷ್ಟು ದೊಡ್ಡ ಕುಂಡಕ್ಕೆ ಬದಲಾಯಿಸಿದಳು. ಎಲೆ ಸೊಂಪಾಗಿ ಬೆಳೆಯಿತು. ಹೂ ಮಾತ್ರ ಒಂದೂ ಬರಲಿಲ್ಲ. ಜಾತಿ ಗಿಡ, ತಡವಾಗಿಯೇ ಬಿಡುವುದು ಎಂದು ನೋಡಿದವರಿಗೆಲ್ಲ ಹೇಳಿದಳು.

ಒಂದು ಬೇಸಿಗೆಯಲ್ಲಿ ಕೋಮಲಾ ಕರೆದಳು. ಅವಳ ಮನೆಯಂಗಳದಲ್ಲಿ ಬೀದಿಯವರೆಲ್ಲ ನೆರೆದಿದ್ದರು. ಬೇರಿನ ಒತ್ತಡಕ್ಕೆ ಚಿಕ್ಕ ಕುಂಡ ಸೀಳಿಹೋಗಿತ್ತು. ಅದರ ಮೇಲೆ ಉದ್ದ ದಂಟುಗಳ ತುದಿಯಲ್ಲಿ ಮುಷ್ಟಿಗಿಂತ ದೊಡ್ಡ ನೀಲಿ ಗೊಂಚಲುಗಳು ಅರಳಿದ್ದವು.

"ಎಲ್ಲಾ ಇವರು ಹೇಳಿಕೊಟ್ಟಿದ್ದು," ಎಂದು ಕೋಮಲಾ ಎಲ್ಲರೆದುರು ವಿಮಲಾಕ್ಷಿಯ ಕೈ ಹಿಡಿದುಕೊಂಡಳು. "ನಿಮ್ಮ ಗಿಡಕ್ಕೆ ಯಾಕೆ ಹಾಗೆ ಮಾಡ್ಲಿಲ್ಲ, ಅಕ್ಕ?"