ಆಡಿಸುವ ಕೈ

ಮೊದಲ ಏಟಿಗೇ ಯಂತ್ರದ ಒಂದು ಕಣ್ಣು ಒಡೆದು ಗಾಜು ನೆಲಕ್ಕುದುರಿತು. ಹಮಾಲ ಕಬ್ಬಿಣದ ಸಲಾಕೆಯನ್ನು ಮತ್ತೆ ಎತ್ತಿದ.

ಊಟದ ಹೊತ್ತು ನೋಡಿಕೊಂಡೇ ಗೋದಾಮಿನ ಹಿಂಬಾಗಿಲಿನಿಂದ ನುಗ್ಗಿದ್ದ. ಇಷ್ಟು ವರ್ಷ ಅವನು ಹೊತ್ತ ಮೂಟೆಗಳನ್ನು ಈಗ ಈ ಉಕ್ಕಿನ ಪಿಶಾಚಿ ಹೊರುತ್ತಿತ್ತು. ಅದಕ್ಕೆ ಸ್ವಂತ ಬುದ್ಧಿಯಿಲ್ಲ. ಯಾರೋ ಮನೆಯಲ್ಲಿ ಕೂತು ಅದರ ಕಣ್ಣಿಂದಲೇ ನೋಡುತ್ತ ಆಡಿಸುತ್ತಾರೆ ಎಂದು, ಕೆಲಸದಿಂದ ತೆಗೆದ ದಿನ ಮೇಸ್ತ್ರಿ ಹೇಳಿದ್ದ. ಹಮಾಲನ ಹೊಟ್ಟೆಯುರಿಯೆಲ್ಲ ಆ 'ಯಾರೋ' ಮೇಲೆ.

"ಕೈಗೆ ಸಿಕ್ಕಿದ್ರೆ ಅವನ ಎರಡೂ ಕೈ ಕಡಿದುಹಾಕ್ತೀನಿ," ಎಂದು ನಿನ್ನೆಯೂ ತಟ್ಟೆಯ ಮುಂದೆ ಹಲ್ಲು ಕಡಿದಿದ್ದ.

"ಅವರಿಗೂ ಹೊಟ್ಟೆಪಾಡು ಇರುತ್ತಲ್ರೀ," ಎಂದಿದ್ದಳು ಹೆಂಡತಿ, ತಲೆ ಎತ್ತದೆ.

ಮನೆ ನಡೆಯುತ್ತಿದ್ದುದು ಅವಳಿಂದ. ಕಂಪ್ಯೂಟರಿನಲ್ಲಿ ಎಲ್ಲಿಯದೋ ಮಕ್ಕಳಿಗೆ ಪಾಠ, ಎಂದಿದ್ದಳು. ಹಗಲೆಲ್ಲ ಕೋಣೆಯ ಬಾಗಿಲು ಹಾಕಿರುತ್ತಿತ್ತು. ಸಂಜೆ ನೋಯುವ ಮಣಿಕಟ್ಟಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಿದ್ದಳು. ಹೆಂಡತಿ ದುಡಿದ ಅನ್ನ ಗಂಟಲಲ್ಲಿ ಇಳಿಯದೆ ಗಂಡಸು ಇನ್ನಷ್ಟು ಉರಿಯುತ್ತಿದ್ದ. ಹಾಗಂತ ತಟ್ಟೆಯಲ್ಲಿ ಒಂದಗುಳೂ ಬಿಡುತ್ತಿರಲಿಲ್ಲ.

ಸಲಾಕೆ ಇಳಿಯುವ ಮೊದಲೇ ಉಕ್ಕಿನ ಕೈ ಬೀಸಿ ಬಂದು ಅವನ ಕತ್ತು ಹಿಡಿಯಿತು. ಕಾಲು ನೆಲ ಬಿಟ್ಟಿತು. ಕಣ್ಣಿಗೆ ಕತ್ತಲೆ ಕವಿಯಿತು. ಇನ್ನೊಂದು ಚೂರು ಒತ್ತಿದ್ದರೆ ಅವನ ಕಥೆ ಮುಗಿಯುತ್ತಿತ್ತು.

ಯಂತ್ರ ಅವನನ್ನು ಉಳಿದೊಂದು ಕಣ್ಣಿನ ಮುಂದಕ್ಕೆ ತಂದುಕೊಂಡಿತು. ಕೈ ನಿಂತಿತು. ನಡುಗಿತು. ಗಾಜಿನ ಸಾಮಾನು ಇಳಿಸುವ ಹಾಗೆ ಅವನನ್ನು ಮೆಲ್ಲಗೆ ನೆಲಕ್ಕಿಳಿಸಿ, ಎರಡೂ ಕೈ ಇಳಿಬಿಟ್ಟು ಸುಮ್ಮನಾಯಿತು.

ಹೆದರಿದ ಹೇಡಿ, ಎಂದುಕೊಂಡ ಹಮಾಲ.

"ನೋಡ್ತಾ ಇದ್ದೀಯೇನೋ ಬಡ್ಡಿಮಗನೇ?" ಕೆಮ್ಮುತ್ತಲೇ ಆ ಕಣ್ಣಿಗೆ ಮುಖವಿಟ್ಟು ಕಿರುಚಿದ. "ನನ್ನ ಅನ್ನ ಕಿತ್ಕೊಂಡೆಯಲ್ಲ, ನಿನ್ನ ಮನೆ ಹಾಳಾಗ!"

ಆಮೇಲೆ ಬಿದ್ದ ಏಟುಗಳಿಗೆ ಲೆಕ್ಕವಿಲ್ಲ. ಕೀಲು ಮುರಿಯಿತು. ಕರಿ ಎಣ್ಣೆ ಚಿಮ್ಮಿ ಅವನ ಮುಖಕ್ಕೆ ರಾಚಿತು. ಬೆರಳುಗಳನ್ನು ಒಂದೊಂದಾಗಿ ಜಜ್ಜಿ, ಕೊನೆಗೆ ಸಲಾಕೆಯನ್ನು ಆ ಕಣ್ಣಿಗೇ ಚುಚ್ಚಿದ. ಯಂತ್ರ ಒಮ್ಮೆಯೂ ಕೈ ಎತ್ತಲಿಲ್ಲ.

ಮುಖ ತೊಳೆದು, ಕತ್ತಿಗೆ ಟವೆಲ್ ಸುತ್ತಿಕೊಂಡು, ಏನೂ ಆಗದವನಂತೆ ಮನೆಗೆ ಬಂದ. ಇನ್ನೂ ಬಿಸಿಲಿತ್ತು, ಆದರೂ ಪಾಠದ ಕೋಣೆಯ ಬಾಗಿಲು ತೆರೆದಿತ್ತು. ಹೆಂಡತಿ ನೀರು ಕಾಯಿಸುತ್ತಿದ್ದಳು. ಅತ್ತು ಅತ್ತು ಅವಳ ಕಣ್ಣು ಊದಿತ್ತು.

"ಪಾಠ ಬೇಗ ಮುಗೀತಾ?"

"ಇನ್ಮೇಲೆ ಇಲ್ಲ. ಕೆಲಸ ಹೋಯ್ತು."

ಬಟ್ಟೆಯನ್ನು ಬಿಸಿನೀರಿಗೆ ಅದ್ದಿ ಹಿಂಡಿ, ಅವನ ಪಕ್ಕದಲ್ಲಿ ಬಂದು ಕೂತಳು.

"ಟವೆಲ್ ತೆಗೀರಿ, ಕತ್ತಿಗೆ ಶಾಖ ಕೊಡ್ತೀನಿ. ನೀವು ಅಂತ ಗೊತ್ತಾಗದೆ ಜೋರಾಗಿ ಹಿಡಿದುಬಿಟ್ಟೆ."